ತಿರುಚಿದ ಬೀಮಿನ ಹಾರ್ಮೋನಿಕ್: 17ರ ಮೇಲೆ ಬೆಳಕಿಲ್ಲ, ಉಂಗುರ ಒಂದು ಕಡೆ ದಪ್ಪ

ಪ್ರಶ್ನೆ:
ಕಕ್ಷೀಯ ಕೋನೀಯ ಸಂವೇಗ ಇರುವ, ಅಂದರೆ ಅಲೆಮುಖ ತಿರುಪಿನಂತೆ ಸುತ್ತುವ (ತಿರುಚಿದ) ಅತಿನೇರಳೆ ಬೀಮ್ ಬೇಕಾಗಿದೆ. ಟೈಟೇನಿಯಂ ಸಫೈರ್ ಲೇಸರ್, 800 ನ್ಯಾನೋಮೀಟರ್, 35 ಫೆಮ್ಟೋಸೆಕೆಂಡ್, ಪಲ್ಸಿಗೆ 1 ಮಿಲಿಜೌಲ್, ಬೀಮಿನ ವ್ಯಾಸ 10 ಮಿ.ಮೀ. 2 ಮೀಟರ್ ಲೆನ್ಸಿನಿಂದ ಆರ್ಗಾನ್ ಜೆಟ್‌ಗೆ ಫೋಕಸ್. ಬರೀ ಗಾಸಿಯನ್ (ನಡುವೆ ಹೆಚ್ಚು ಬೆಳಗುವ, ತಿರುಚಿಲ್ಲದ) ಬೀಮಿಗೆ ಲೇಸರ್ ಆವರ್ತನದ 27 ಪಟ್ಟು, ಅಂದರೆ 27ನೇ ಹಾರ್ಮೋನಿಕ್‌ವರೆಗೂ ಸಿಗುತ್ತದೆ. ಲೆನ್ಸಿನ ಮುಂದೆ 3 ಮಿ.ಮೀ. ದಪ್ಪದ ಸ್ಪೈರಲ್ ಫೇಸ್ ಪ್ಲೇಟ್ (ಬೀಮನ್ನು ತಿರುಚುವ, ಸುರುಳಿ ಮೆಟ್ಟಿಲಿನಂತೆ ದಪ್ಪ ಏರುವ ಗಾಜು; 1 ಸುತ್ತು, ಅಂದರೆ ನಡುವಿನ ಸುತ್ತ ಒಮ್ಮೆ ಬಂದರೆ ಫೇಸ್ ಒಂದು ತರಂಗದಷ್ಟು ಬದಲು) ಇಟ್ಟರೆ 17ಕ್ಕೇ ನಿಲ್ಲುತ್ತದೆ, ಉಂಗುರವೂ ಅರ್ಧಚಂದ್ರದಂತೆ. ಪ್ಲೇಟಿನದೇ ದೋಷವೇ?

ಉತ್ತರ 1:
ಪ್ಲೇಟ್ ಸರಿಯಾಗಿಯೇ ಇದೆ. ಅಷ್ಟೇ ಶಕ್ತಿ, ಅಷ್ಟೇ ಸೊಂಟದ (ಫೋಕಸ್ ಆದಾಗ ಬೀಮಿನ ಅತಿ ಕಿರಿದಾದ ಜಾಗದ) ಅಳತೆ ಇದ್ದರೂ 1 ಸುತ್ತಿನ ಬೀಮಿನ ಗರಿಷ್ಠ ತೀವ್ರತೆ ಗಾಸಿಯನ್ನಿನ ಶೇ. 37 ಮಾತ್ರ. ಚದರ ಸೆಂ.ಮೀ.ಗೆ 1.5×10¹⁴ ವ್ಯಾಟ್ ಇದ್ದದ್ದು 0.55×10¹⁴ಕ್ಕೆ ಇಳಿಯುತ್ತದೆ. ಆರ್ಗಾನಿನ ಕಟಾಫ್ (ಸಿಗುವ ಅತಿ ಹೆಚ್ಚಿನ ಫೋಟಾನ್ ಶಕ್ತಿ) 44 ಎಲೆಕ್ಟ್ರಾನ್ ವೋಲ್ಟಿನಿಂದ 26ಕ್ಕೆ ಬೀಳುತ್ತದೆ, ಅಂದರೆ ಸರಿಯಾಗಿ 17ನೇ ಹಾರ್ಮೋನಿಕ್.

ಶಕ್ತಿಯನ್ನು 2.7 ಪಟ್ಟು ಏರಿಸಬಹುದು, ಆದರೆ ನಾನಾಗಿದ್ದರೆ ಏರಿಸುವುದಿಲ್ಲ: ಆ ಗಾಜಿನಲ್ಲಿ ಬಿ-ಇಂಟಿಗ್ರಲ್ (ತೀವ್ರ ಬೆಳಕಿನಿಂದಲೇ ಗಾಜಿನಲ್ಲಿ ಆಗುವ ಹೆಚ್ಚುವರಿ ಫೇಸ್ ಬದಲಾವಣೆ) 1 ರೇಡಿಯನ್ ದಾಟಿ ಬೀಮ್ ಕೆಡಲು ಶುರುವಾಗುತ್ತದೆ. ಬದಲಿಗೆ 1.2 ಮೀಟರ್ ಲೆನ್ಸ್ ಹಾಕಿ, ತೀವ್ರತೆ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಫೋಕಸ್ ಚಿಕ್ಕದಾಗುವುದರಿಂದ ಅನಿಲದ ಒತ್ತಡವನ್ನು ಹೆಚ್ಚಿಸಿ ಮತ್ತೆ ಹೊಂದಿಸಬೇಕು.

ಉತ್ತರ 2:
ಅರ್ಧಚಂದ್ರಕ್ಕೆ ಕಾರಣ ಬೇರೆ. ಪ್ಲೇಟಿನ ನಡುಬಿಂದು ಬೀಮಿನ ನಡುವಿಗೆ ಕೂತಿಲ್ಲ. ಪ್ಲೇಟನ್ನು ಎಕ್ಸ್-ವೈ ಸ್ಟೇಜ್ ಮೇಲೆ ಇಟ್ಟು, ಬೆಣೆಯಾಕಾರದ ಗಾಜಿನ ವೆಜ್‌ನ ಪ್ರತಿಫಲನವನ್ನು ಕ್ಯಾಮೆರಾಗೆ ಬಿಟ್ಟು, ಫೋಕಸ್‌ನಲ್ಲೇ ಉಂಗುರ ನೋಡುತ್ತಾ ಹತ್ತಾರು ಮೈಕ್ರಾನ್ ಲೆಕ್ಕದಲ್ಲಿ ಸರಿಸಿ. ಇನ್‌ಫ್ರಾರೆಡ್‌ನಲ್ಲಿ (ಮೂಲ ಲೇಸರ್ ಬೆಳಕಿನಲ್ಲಿ) ಉಂಗುರದ ಎರಡು ಕಡೆಗೆ ಶೇ. 20 ವ್ಯತ್ಯಾಸ ಕಂಡರೂ ಸುಮ್ಮನಿರಬೇಡಿ. ಹಾರ್ಮೋನಿಕ್ ತೀವ್ರತೆಯ ಐದನೇ ಘಾತದಂತೆ ಏರಿದರೆ ಅದೇ 2.5 ಪಟ್ಟು ಆಗುತ್ತದೆ.

ಲೆನ್ಸ್ ವಾಲಿದ್ದರೂ, ಗೋಳೀಯ ಕನ್ನಡಿಗೆ ಓರೆಯಾಗಿ ಬಿಟ್ಟರೂ ಅಸ್ಟಿಗ್ಮ್ಯಾಟಿಸಂನಿಂದ (ಅಡ್ಡ, ಉದ್ದ ದಿಕ್ಕಿನ ಫೋಕಸ್ ಬೇರೆ ಬೇರೆ ಜಾಗಕ್ಕೆ ಬೀಳುವುದು) ಉಂಗುರ ಎರಡು ಹೋಳಾಗುತ್ತದೆ. ಸುತ್ತು ಪರೀಕ್ಷಿಸಲು ಮಾತ್ರ ಬೇರೊಂದು ಲೆನ್ಸನ್ನು ಬೇಕೆಂದೇ ವಾಲಿಸಿ: ನಡುವೆ ಎಷ್ಟು ಕಪ್ಪು ಗೆರೆಯೋ ಅಷ್ಟು ಸುತ್ತು.

ಪ್ರಶ್ನೆ ಕೇಳಿದವರು:
ಧನ್ಯವಾದ. 15ನೇ ಹಾರ್ಮೋನಿಕ್‌ನಲ್ಲಿ 15 ಸುತ್ತು ಇದೆ ಎಂದು ಉಂಗುರದ ಅಳತೆಯಿಂದ ಹೇಳಬಹುದೇ?

ಉತ್ತರ 1:
ಆಗದು. ಸುತ್ತು ಹೆಚ್ಚಾದಷ್ಟು ಉಂಗುರ ಹಿಗ್ಗಬೇಕು, ತರಂಗಾಂತರ ಕುಗ್ಗಿದಷ್ಟು ಬೀಮ್ ಕಡಿಮೆ ಚದರಬೇಕು; ಎರಡೂ ಸರಿದೂಗಿ ಎಲ್ಲ ಹಾರ್ಮೋನಿಕ್‌ಗಳ ಉಂಗುರವೂ ಹೆಚ್ಚುಕಡಿಮೆ ಒಂದೇ ಅಳತೆ. ತಿರುಚಿಲ್ಲದ ಅದೇ ಹಾರ್ಮೋನಿಕ್ ಜೊತೆ ಇಂಟರ್ಫಿಯರೆನ್ಸ್ ಮಾಡಿ, ಕವಲೊಡೆದ ಪಟ್ಟೆಗಳನ್ನು ಎಣಿಸಿ. ಕಡಿಮೆ ಸುತ್ತೇ ಸಾಕೆಂದರೆ ಗಾಸಿಯನ್ ಮತ್ತು ತಿರುಚಿದ ಬೀಮ್ ಎರಡನ್ನೂ ಸಣ್ಣ ಕೋನದಲ್ಲಿ ಜೆಟ್‌ನಲ್ಲಿ ಸೇರಿಸಿ. ತಿರುಚಿದ ಬೀಮಿನಿಂದ ಎಷ್ಟು ಫೋಟಾನ್ ಬಂತೋ ಅಷ್ಟೇ ಸುತ್ತು. ಒಂದೇ ಫೋಟಾನ್ ಬಂದರೆ 15ನೇ ಹಾರ್ಮೋನಿಕ್‌ನಲ್ಲೂ 1 ಸುತ್ತು, ಅದೂ ಬೇರೆ ದಿಕ್ಕಿನಲ್ಲಿ ಹೊರಡುವುದರಿಂದ ಬೇರ್ಪಡಿಸುವುದು ಸುಲಭ.