22 ವರ್ಷದ ಮ್ಯಾಲೆ ಹುಬ್ಬಳ್ಳಿ-ಧಾರವಾಡ: ಎರಡು ದಿನದಾಗ ಹೆಂಗ ಅಡ್ಡ್ಯಾಡೂದು?

ಊರಬಿಟ್ಟಾವ:
ನಾವು ಹಳೇ ಹುಬ್ಬಳ್ಳಿಯವರು, 2003ಕ್ಕ ಊರು ಬಿಟ್ಟೀವಿ. ಡಿಸೆಂಬರದಾಗ ಎರಡು ದಿನ ಬರ್ತೀವಿ. ಜೋಡಿ ಅವ್ವ ಅದಾಳ, 74 ವಯಸ್ಸು, ಮೊಣಕಾಲು ನೋವು. ನೋಡೂದು ನಮ್ಮ ಹಳೇ ಓಣಿ, ಉಣಕಲ್ ಗುಡಿ, ಸಾಧನಕೇರಿ. ಆಮ್ಯಾಲೆ ಪೇಢೆ. ಬಾಡಗಿ ಕಾರ್ ಬೇಕೋ, ಎರಡೂ ಊರ ನಡುವ ತನ್ನದ ಬ್ಯಾರೆ ಲೇನಿನ್ಯಾಗ ಓಡೂ ಚಿಗರಿ ಬಸ್ ಸಾಕೋ? ಹಳೇ ಮನಿ ನಂಬರ್ ಹಿಡದು ಓಣಿ ಹುಡಕಾಕ ಬರತೈತೇನ್ರಿ?

ಕೆರಿದಂಡಿ:
ಎರಡೂ ಊರ ನಡುವ ಚಿಗರಿ, ಊರೊಳಗ ಆಟೋ. ಕಾರಿಗೆ ಒಂದ ತ್ರಾಸು ಐತಿ: ರಸ್ತೆ ನಡುವ ಚಿಗರಿ ಲೇನ್ ಬಂದಮ್ಯಾಲೆ ಮೊದಲ ಬಲಕ್ಕ ತಿರಗತಿದ್ದ ಎಷ್ಟೋ ಕಡೆ ಈಗ ತಿರಗಾಕ ಬರಂಗಿಲ್ಲ. ಮುಂದ ಹೋಗಿ ಹೊಳ್ಳಿ ಬರಬೇಕು. ಹಳೇ ನೆನಪಿನ ಮ್ಯಾಲೆ ಗಾಡಿ ಹೊಡದ್ರ ಬರೇ ಸುತ್ತು.

ಚಿಗರಿ ನಿಲ್ದಾಣ ರಸ್ತೆ ನಟ್ಟನಡುವ ಇರ್ತಾವ. ಟಿಕೆಟ್ ನಿಲ್ದಾಣದ ಕೌಂಟರಿನ್ಯಾಗ ತಗೋಬೇಕು. ಇಳದು ಹೊರಗ ಬರೂತನಕ ಒಗಿಬ್ಯಾಡ್ರಿ. ನಿಲ್ದಾಣದ ನೆಲ, ಬಸ್ಸಿನ ನೆಲ ಸಮ, ಬಾಗಿಲು ಬಲಕ್ಕ. ಅವ್ವಾರಿಗೆ ಮೆಟ್ಟಲ ಹತ್ತೂ ಕೆಲಸ ಇಲ್ಲ. ತ್ರಾಸು ಇರೂದು ರಸ್ತೆ ದಾಟೂದ್ರಾಗ; ಸಿಗ್ನಲ್ ಇದ್ದ ಕಡೆನ ಹತ್ತಿ ಇಳೀರಿ. ಎಕ್ಸ್‌ಪ್ರೆಸ್ ಎಲ್ಲಾ ಕಡೆ ನಿಂದ್ರಂಗಿಲ್ಲ, ಉಣಕಲ್ಲಿಗೆ ನಿಂದ್ರತೈತೇನು ಅಂತ ಕೇಳಿನ ಹತ್ರಿ.

ರೈಲಿಗೆ ಬರಾವರಿದ್ರ, ಸ್ಟೇಷನ್ ಹೆಸರು ಈಗ ಶ್ರೀ ಸಿದ್ಧಾರೂಢ ಸ್ವಾಮೀಜಿ, ಕೋಡ್ ಮಾತ್ರ ಹಳೇ ಯು.ಬಿ.ಎಲ್. 2023ರಾಗ ಉದ್ಘಾಟನೆ ಆದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. 22 ಡಬ್ಬಿ ಗಾಡಿ ಸುಮಾರು 530 ಮೀಟರ್ ಅಷ್ಟ. ಗಾಡಿ ಆ ತುದಿಗೆ ನಿಂತ್ರ ಅವ್ವಾರು ಅರ್ಧ ಕಿಲೋಮೀಟರ್ ನಡೀಬೇಕಾಗ್ತೈತಿ, ವೀಲ್‌ಚೇರ್ ಮೊದಲ ಹೇಳಿಡ್ರಿ.

ಉತಾರ_ಮಾಸ್ತರ:
ಮನೆ ನಂಬರು, ವಾರ್ಡ್ ನಂಬರು ಎರಡನ್ನೂ ನಂಬಬೇಡಿ. 2021ರ ಪಾಲಿಕೆ ಚುನಾವಣೆಗೆ 67 ವಾರ್ಡು 82 ಆದವು, ಗಡಿಗಳೆಲ್ಲ ಸರಿದಿವೆ. ಗಟ್ಟಿಯಾಗಿ ನಿಲ್ಲೋದು ಸಿ.ಟಿ.ಎಸ್. ನಂಬರು, ಅಂದರೆ ಸಿಟಿ ಸರ್ವೆಯಲ್ಲಿ ಆ ಜಾಗಕ್ಕೆ ಕೊಟ್ಟ ನಂಬರು. ಹಳೇ ಖರೀದಿ ಪತ್ರದಲ್ಲಿ ಹುಡುಕಿ, ಸಿಗದಿದ್ದರೆ ಉತಾರ (ಆಸ್ತಿ ದಾಖಲೆಯ ಪ್ರತಿ) ನೋಡಿ. ಆ ನಂಬರು ಹಿಡಿದು ಸಿಟಿ ಸರ್ವೆ ಆಫೀಸಿನಲ್ಲಿ ಪ್ರಾಪರ್ಟಿ ಕಾರ್ಡ್ (ಜಾಗ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ದಾಖಲೆ) ಪ್ರತಿ ಕೇಳಬಹುದು. ಜಾಗ ಪಾಲಾಗಿದ್ದರೆ ನಂಬರಿನ ಕೊನೆಗೆ ಎ, ಬಿ ಅಥವಾ 1, 2 ಸೇರಿರುತ್ತೆ, ಮೂಲ ನಂಬರಿನಿಂದಲೇ ಶುರುಮಾಡಿ. ಎರಡನೇ, ನಾಲ್ಕನೇ ಶನಿವಾರ ಸೂಟಿ.

ಊರಬಿಟ್ಟಾವ:
ಭಾಡಿಗಿ ಮನಿ ಇತ್ರಿ. ಕಾಗದ ಒಂದೂ ಇಲ್ಲ.

ಉತಾರ_ಮಾಸ್ತರ:
ಹಾಗಾದರೆ ಆಫೀಸಿನ ಗೊಡವೆ ಬಿಡಿ. ಅಂಗಡಿ ಹೆಸರು ಹೇಳಿ ಕೇಳಬೇಡಿ, ಅವು ಬದಲಾಗಿರುತ್ತವೆ. ಗುಡಿ, ಮಠ, ಸಾಲಿ, ಹಿಟ್ಟಿನ ಗಿರಣಿ, ಇಂಥವನ್ನು ಹೇಳಿ. ವಯಸ್ಸಾದ ಆಟೋದವರನ್ನೇ ಹಿಡಿಯಿರಿ. ಚನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸಕ್ಕೆ ಆಗಾಗ ಹಾದಿ ತಿರುಗಿಸುತ್ತಾರೆ, ಸುತ್ತಿ ಒಯ್ದರೆ ಪಾಪ ಅವರನ್ನ ಬೈಬೇಡಿ.

ಲೈನ್‌ಬಜಾರ:
ಉಣಕಲ್ಲಿಗೆ ಹೋಗೂಮುಂದ ಆಟೋದವಗ "ಕೆರಿ" ಅನಬ್ಯಾಡ್ರಿ, ಕೆರಿ ಉದ್ಯಾನದ ಮುಂದ ಇಳಿಸಿಬಿಡ್ತಾನ. "ಊರಾಗಿನ ಚಂದ್ರಮೌಳೇಶ್ವರ ಗುಡಿ" ಅನ್ರಿ. ಚಾಲುಕ್ಯರ ಕಾಲದ ಗುಡಿ, ನಾಕೂ ದಿಕ್ಕಿಗೆ ಬಾಗಲಾ ಅವ. ಕಲ್ಲಿನ ಹೊಸ್ತಲಾ ದಾಟೂಮುಂದ ಅವ್ವಾರ ಕೈ ಹಿಡೀರಿ. ಮೊದಲನೇ ದಿನ ಹುಬ್ಬಳ್ಳಿ, ಉಣಕಲ್ ಮುಗಸಿ ಸಂಜಿಗೆ ದುರ್ಗದ ಬೈಲ್. ಗಿರಮಿಟ್ ಅಲ್ಲೇ ನಿಂತ ತಿನ್ರಿ, ಕಟ್ಟಿಸ್ಕೊಂಡ್ರ ಚುರುಮುರಿ ಮೆತ್ತಗಾಗ್ತದ.

ಎರಡನೇ ದಿನ ಧಾರವಾಡ. ಸಾಧನಕೇರಿಯೊಳಗ ಬೇಂದ್ರೆ ಅಜ್ಜಾರ ಮನಿ, ಕೆರಿ ಎರಡೂ ಹತ್ತ್ರಹತ್ತ್ರನ ಅವ. ಪೇಢೆ ಕಡೀಕ ತಗೋರಿ. ಲೈನ್ ಬಜಾರದ ಠಾಕೂರರ ಅಂಗಡಿ ಮುಂದ ಪಾಳಿ ಹಚ್ಚಬೇಕು, ಅವ್ವಾರನ್ನ ನಿಂದ್ರಸಬ್ಯಾಡ್ರಿ. ಖೋವಾ ಕಂದಾಗೂತನಕ ಹುರದಿರ್ತಾರ, ನೀರಿನಂಶ ಕಡಿಮಿ, ಅದಕ್ಕ ಬಿಳೇ ಪೇಢೆಕ್ಕಿಂತ ಹೆಚ್ಚು ದಿನ ತಾಳ್ತದ. ಆದ್ರ ಬಿಸಿ ಇದ್ದಾಗನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿದ್ರ ಬೆವತು, ಮ್ಯಾಲಿನ ಸಕ್ಕರಿ ಕರಗಿ, ಬೂಸ್ಟ ಹಿಡೀತದ. ರಟ್ಟಿನ ಡಬ್ಬ್ಯಾಗನ ಒಯ್ರಿ.