ಹಣ್ಣು ತಿನ್ನೋ ಹಕ್ಕಿಗೆ ನೊಣಹಿಡುಕ ಅಂತ ಯಾಕೆ ಹೆಸರು? (ಜೊತೆಗೆ ರೆಕ್ಕೇಲಿ ಪಿಟೀಲು ಬಾರಿಸೋ ಮನಕಿನ್ ಕಥೆ)

ಹಾಲಕ್ಕಿ77

ಆಫೀಸ್ ಕೆಲಸದ ಮೇಲೆ ಮೂರು ತಿಂಗಳಿಂದ ಈಕ್ವೆಡಾರ್‌ನ ಕ್ವಿಟೊದಲ್ಲಿದೀನಿ. ಊರಲ್ಲಿದ್ದಾಗ ರಂಗನತಿಟ್ಟು, ಗಣೇಶಗುಡಿ ಅಂತ ಸುತ್ತೋ ಚಟ ಇತ್ತು, ಇಲ್ಲಿಗೆ ಬಂದ್ರೂ ಬಿಡ್ಲಿಲ್ಲ, ಹೋದ ಶನಿವಾರ ಮಿಂಡೊ ಹತ್ರ ಮಿಲ್ಪೆ ಅನ್ನೋ ಕಾಡಿಗೆ ಹೋಗಿದ್ದೆ. ಆಂಡಿಸ್ ಬೆಟ್ಟದ ಪಶ್ಚಿಮದ ಇಳಿಜಾರು, ಯಾವಾಗ್ಲೂ ಮಂಜು, ಮರದ ಮೈ ತುಂಬ ಪಾಚಿ, ಥೇಟ್ ಜುಲೈ ತಿಂಗಳ ಆಗುಂಬೆ.

ಅಲ್ಲಿ ಎರಡು ಹಕ್ಕಿ ನೋಡ್ದೆ, ಎರಡೂ ತಲೆ ಕೆಡ್ಸಿವೆ.

ಮೊದಲ್ನೇದು ಕ್ಲಬ್ ವಿಂಗ್ಡ್ ಮನಕಿನ್. ಹಕ್ಕಿ ಕಾಣೋಕ್ಕಿಂತ ಮುಂಚೆ ಸದ್ದು ಕೇಳ್ತು, ಟಿಕ್ ಟಿಕ್ ಟೀಂಂಂ ಅಂತ, ನಾನು ಯಾರದೋ ಫೋನ್ ಅನ್ಕೊಂಡು ಹಿಂದೆ ತಿರುಗಿ ಕೋಪದಲ್ಲಿ ನೋಡ್ದೆ, ಗೈಡ್ ನಕ್ಕು ಮೇಲೆ ಕೈ ತೋರಿಸ್ದ. ಗುಬ್ಬಿಗಿಂತ ಸಣ್ಣದು, ಕಂದು ಮೈ, ನೆತ್ತಿ ಮೇಲೆ ಕೆಂಪು ಟೋಪಿ. ಮುಂದಕ್ಕೆ ಬಗ್ಗಿ, ಎರಡೂ ರೆಕ್ಕೆನ ಬೆನ್ನ ಮೇಲೆ ಎತ್ತಿ ಝುಮ್ ಅಂತ ನಡುಗಿಸ್ತು, ಆಗ ಆ ಟೀಂಂಂ. ಬಾಯಿ ತೆಗೀಲೇ ಇಲ್ಲ! ಒಂದೂವರೆ ಗಂಟೆ ನಿಂತಿದ್ದೆ, ಅದೇ ಕೊಂಬೆ ಅದೇ ಕೆಲಸ, ಮಧ್ಯೆ ಎರಡು ಸಲ ಹಾರಿಹೋಗಿ ಒಂದು ಹಣ್ಣು ನುಂಗಿ ವಾಪಸ್.

ಎರಡನೇದು ನೋಡೋಕೆ ಏನೂ ಇಲ್ಲ, ಪಾಚಿ ಹಸಿರು ಬೆನ್ನು, ಹೊಟ್ಟೆ ಗೋಪಿಚಂದನದ ಬಣ್ಣ. ಆದ್ರೆ ಕೂತಲ್ಲೇ ಒಂದ್ಸಲ ಎಡಗಡೆ ರೆಕ್ಕೆ, ಇನ್ನೊಂದ್ಸಲ ಬಲಗಡೆ ರೆಕ್ಕೆ ಅಂತ ಒಂದೊಂದೇ ಎತ್ತಿ ಜಾಡಿಸ್ತಿತ್ತು, ಅಂಗಿ ತೋಳಲ್ಲಿ ಇರುವೆ ಹೊಕ್ಕಿದೆಯೇನೋ ಅನ್ನೋ ಥರ. ಅದೂ ಬರೀ ಹಣ್ಣೇ ತಿಂತಿತ್ತು. ಗೈಡ್ ಕೇಳಿದ್ರೆ ಫ್ಲೈಕ್ಯಾಚರ್ ಅಂತಾನೆ. ಒಂದು ನೊಣ ಹಿಡಿದಿದ್ದೂ ನಾನು ನೋಡ್ಲಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಇದು ನಮ್ಮ ನೊಣಹಿಡುಕಗಳಿಗೆ ಸಂಬಂಧನಾ? ಮತ್ತೆ ಆ ಮನಕಿನ್ ದಿನವಿಡೀ ಹೀಗೆ ಪಿಟೀಲು ಕುಯ್ತಾ ಕೂತ್ರೆ ಮರಿಗೆ ಊಟ ಹಾಕೋರ್ಯಾರು?

ಗುಮ್ಮ ಮಾಸ್ತರು

ಎರಡನೇ ಪ್ರಶ್ನೆಗೆ ಉತ್ತರ ಮೊದಲು: ಅಮ್ಮ. ಒಬ್ಳೇ. ಗೂಡು ಕಟ್ಟೋದು ಅವ್ಳೇ, ಎರಡು ಮೊಟ್ಟೆ ಇಟ್ಟು ಕಾವು ಕೊಡೋದು ಅವ್ಳೇ, ಮರಿಗೆ ತಿನ್ಸೋದೂ ಅವ್ಳೇ. ಅಪ್ಪನಿಗೆ ಗೂಡು ಎಲ್ಲಿದೆ ಅಂತಾನೂ ಗೊತ್ತಿರಲ್ಲ. ಗಂಡುಗಳೆಲ್ಲ ಕಾಡಲ್ಲಿ ಒಂದು ಜಾಗ ಹಿಡ್ಕೊಂಡು, ಒಂದರ ಸದ್ದು ಇನ್ನೊಂದಕ್ಕೆ ಕೇಳೋ ಅಷ್ಟು ದೂರದಲ್ಲಿ ಕೂತು, ವರ್ಷದ ಹೆಚ್ಚುಪಾಲು ಅಲ್ಲೇ ಪ್ರದರ್ಶನ ಕೊಡ್ತಿರ್ತವೆ, ಇಂಥ ಜಾಗಕ್ಕೆ ಲೆಕ್ ಅಂತಾರೆ. ಹೆಣ್ಣು ಬಂದು ನೋಡಿ ಒಬ್ಬನನ್ನ ಆರಿಸ್ಕೊಂಡು ಹೋಗ್ತಾಳೆ. ಬಹಳಷ್ಟು ಗಂಡಿಗೆ ಆ ವರ್ಷ ಏನೂ ಸಿಗಲ್ಲ, ಒಂದಿಬ್ಬರಿಗೇ ಎಲ್ಲ.

ಈಗ ಆ ಸದ್ದು. ಕಿಂಬರ್ಲಿ ಬಾಸ್ಟ್ವಿಕ್ ಮತ್ತೆ ರಿಚರ್ಡ್ ಪ್ರಮ್ ಅಂತ ಇಬ್ರು ಹೈಸ್ಪೀಡ್ ಕ್ಯಾಮರಾ ಇಟ್ಟು ಇದನ್ನ ಬಿಡಿಸಿದ್ರು, 2005ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು. ರೆಕ್ಕೆಯ ಒಳಸಾಲಿನ ಆರನೇ ಗರಿಯ ದಂಟು ಗದೆ ಥರ ಊದಿಕೊಂಡಿದೆ, ಅದರ ಮೇಲೆ ಏಳು ಗೀರು. ಪಕ್ಕದ ಐದನೇ ಗರಿಯ ತುದಿ ಬಾಗಿದೆ, ಅದು ಆ ಗೀರುಗಳ ಮೇಲೆ ಉಜ್ಜುತ್ತೆ. ಹೋಗ್ತಾ ಏಳು, ಬರ್ತಾ ಏಳು. ರೆಕ್ಕೆ ಸೆಕೆಂಡಿಗೆ ಸುಮಾರು 107 ಸಲ ಬಡಿಯುತ್ತೆ, 14ರಿಂದ ಗುಣಿಸಿ ನೋಡಿ, ಹತ್ರ ಹತ್ರ 1500 ಹರ್ಟ್ಸ್, ನೀವು ಕೇಳಿದ ಟೀಂಂಂ ಅದೇ. ಮಿಡತೆಯಂಥ ಹುಳ ಮಾಡೋ ಕೆಲಸನ ಬೆನ್ನುಮೂಳೆ ಇರೋ ಪ್ರಾಣಿ ಮಾಡ್ತಿದೆ.

ಇದಕ್ಕೆ ತೆತ್ತ ಬೆಲೆ ಕೇಳಿ: ಹಕ್ಕಿ ಮೂಳೆ ಹಗುರ, ಒಳಗೆ ಟೊಳ್ಳು ಅಂತ ನಾವು ಮಕ್ಕಳಿಗೆ ಪಾಠ ಮಾಡ್ತೀವಲ್ಲ, ಈ ಗಂಡಿನ ಮುಂಗೈ ಮೂಳೆ ಒಳಗೆ ಘನ. ಹಾರೋಕೆ ಭಾರ ಆದ್ರೂ ಪರವಾಗಿಲ್ಲ ಸಂಗೀತ ಇರ್ಲಿ ಅಂತ.

ಮೊದಲ ಪ್ರಶ್ನೆ: ನಮ್ಮ ನೊಣಹಿಡುಕಗಳಿಗೂ ಅದಕ್ಕೂ ಹೆಸರು ಮಾತ್ರ ಒಂದು, ಕುಲ ಬೇರೆ. ನಮ್ಮವು ಮಡಿವಾಳ ಹಕ್ಕಿಯ ಬಳಗ. ಅವು ಟೈರಂಟ್ ಫ್ಲೈಕ್ಯಾಚರ್, 400ಕ್ಕೂ ಹೆಚ್ಚು ಜಾತಿ, ಹಕ್ಕಿಗಳಲ್ಲೇ ಅತಿ ದೊಡ್ಡ ಕುಟುಂಬ, ಅಮೆರಿಕ ಖಂಡಗಳು ಬಿಟ್ರೆ ಬೇರೆ ಕಡೆ ಇಲ್ಲ. ಯುರೋಪಿನವರು ಹೋದಾಗ, ಕೊಂಬೆಯಿಂದ ಹಾರಿ ಹುಳ ಹಿಡಿದು ವಾಪಸ್ ಕೊಂಬೆಗೆ ಬರೋದು ನೋಡಿ ತಮ್ಮೂರ ಹೆಸರನ್ನೇ ಅಂಟಿಸಿಬಿಟ್ರು. ನಿಜವಾಗಿ ಅವು ಮನಕಿನ್‌ಗಳಿಗೇ ಹತ್ತಿರ. ನೀವು ನೋಡಿದ ಎರಡೂ ಹಕ್ಕಿ ದಾಯಾದಿಗಳು.

ಧಾರವಾಡ ಪೇಢಾ

ಮಾಸ್ತರು ಹೇಳಿದ್ದು ಖರೆ, ಆದ್ರ ನಮ್ಮ ಕಡೀ ಸಂಬಂಧ ಏನೂ ಇಲ್ಲ ಅನ್ನಬ್ಯಾಡ್ರಿ, ಒಂದು ಐತಿ.

ಮನಕಿನ್, ಟೈರಂಟ್ ಎರಡೂ ಸಬ್‌ಆಸೈನ್ ಅನ್ನೋ ಗುಂಪಿನವು. ಕಾಜಾಣ, ಮಡಿವಾಳ ಇವೆಲ್ಲಾ ಆಸೈನ್, ಸಣ್ಣವಿದ್ದಾಗ ಹಾಡು ಕಲೀತಾವ. ಸಬ್‌ಆಸೈನ್ ಹಕ್ಕಿ ಬಹಳಷ್ಟು ಹಂಗಲ್ಲ, ಹಾಡು ಹುಟ್ಟಿನಿಂದನ ಬಂದಿರ್ತೈತಿ. ಅಮೆರಿಕಾದಾಗ ಫೀಬಿ ಅನ್ನೋ ಟೈರಂಟ್ ಮರೀನ ತಮ್ಮ ಹಾಡು ತಮಗ ಕೇಳದಂಗ ಮಾಡಿ ಬೆಳೆಸಿ ನೋಡ್ಯಾರ, ದೊಡ್ಡದಾದ ಮ್ಯಾಲೆ ಅಪ್ಪಂದ ರಾಗಾನ ಹಾಡ್ತು. ಗುರು ಇಲ್ಲ, ರಿಯಾಜ್ ಇಲ್ಲ. ಧಾರವಾಡದಾಗ ಇದನ್ನ ಜೋರಾಗಿ ಹೇಳಿದ್ರ ಹೊಡೀತಾರ.

ಈಗ ಕೇಳ್ರಿ, ನಮ್ಮ ಕರ್ನಾಟಕದಾಗ ಕಾಣೋ ಸಬ್‌ಆಸೈನ್ ಅಂದ್ರ ನವರಂಗ ಒಂದ. ಅಕ್ಟೋಬರ್ ಹೊತ್ತಿಗೆ ವಲಸೆ ಬರೂಮುಂದ ಸುಸ್ತಾಗಿ ಯಾರದರ ಹಿತ್ತಲದಾಗ ಬಿದ್ದಿರ್ತೈತಲ್ರಿ, ಅದ. ಮತ್ತ ಪನಾಮಾ, ಕೊಲಂಬಿಯಾ, ಈಕ್ವೆಡಾರದ ವಾಯವ್ಯ ಮೂಲ್ಯಾಗ ಸಪಯೋವಾ ಅಂತ ಒಂದು ಹಸಿರು ಹಕ್ಕಿ ಐತಿ. 1903ರಾಗ ಹೆಸರಿಡುವಾಗ ಹಿಂದ 'ಏನಿಗ್ಮಾ' ಅಂತ ಸೇರಿಸಿದ್ರು, ಅಂದ್ರ ಒಗಟು. ಭಾಳ ವರ್ಷ ಅದನ್ನ ಮನಕಿನ್ ಅಂತನ ಲೆಕ್ಕಕ್ಕ ಹಿಡಿದಿದ್ರು. ಆಮ್ಯಾಲೆ ಡಿಎನ್‌ಎ ನೋಡಿದ್ರ, ಅದರ ಮಂದಿ ಎಲ್ಲಾ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ ಕಡೆ ಅದಾರ! ಬ್ರಾಡ್‌ಬಿಲ್ ಅನ್ನೋ ಹಕ್ಕಿ ಮತ್ತ ನಮ್ಮ ನವರಂಗದ ಬಳಗ. ಆ ಬಳಗದಾಗ ಅಮೆರಿಕಾ ಕಡೆ ಇರೋದು ಅದೊಂದ. ಹೆಸರಿಟ್ಟಾವಂಗ ಅವತ್ತ ಏನೋ ಅನುಮಾನ ಬಂದಿತ್ತು ಅನಸ್ತೈತಿ ನನಗ.

ಸುಮ್ನೆ ಕೇಳ್ದೆ

ಒಂದು ಡೌಟು. ಮನಕಿನ್ ಗಂಡು ಯಾಕೆ ಇಷ್ಟು ಆರಾಮು ಅಂತ ಯಾರೂ ಹೇಳ್ಲಿಲ್ಲ. ಹಣ್ಣು ತಿನ್ನೋದಕ್ಕೆ ಅಂತ ಎಲ್ಲೋ ಓದಿದ್ದೆ. ಆದ್ರೆ ನಮ್ಮ ನವಿಲೂ ಹಂಗೇ ತಾನೇ, ಕುಣಿದು ಮುಗಿಸಿ ಹೊರಟು ಹೋಗುತ್ತೆ, ಅದೇನು ಹಣ್ಣು ತಿಂದು ಬದುಕುತ್ತಾ? ಹಾವು, ಕಾಳು, ರೈತರ ಶೇಂಗಾ ಎಲ್ಲಾ ತಿನ್ನುತ್ತೆ.

ಗುಮ್ಮ ಮಾಸ್ತರು

ಒಳ್ಳೇ ಪ್ರಶ್ನೆ, ಬಿಡಲ್ಲ ನೀವು.

ನವಿಲಿನ ಮರಿ ಮೊಟ್ಟೆಯಿಂದ ಬಂದ ಸ್ವಲ್ಪ ಹೊತ್ತಿಗೇ ಕೋಳಿಮರಿ ಥರ ಓಡಾಡಿ ತಾನೇ ಕೆದಕಿ ತಿನ್ನುತ್ತೆ, ಅಪ್ಪ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಮನಕಿನ್ ಮರಿ ಹಾಗಲ್ಲ, ಹುಟ್ಟುವಾಗ ಮೈಮೇಲೆ ಗರಿ ಇಲ್ಲ ಕಣ್ಣು ಬಿಟ್ಟಿರಲ್ಲ, ದಿನಾ ಬಾಯಿಗೆ ತಂದು ಹಾಕ್ಬೇಕು. ಇಂಥ ಮರಿ ಸಾಕೋ ಹಕ್ಕಿಗಳಲ್ಲಿ ಹೆಚ್ಚಿನವು ಜೋಡಿಯಾಗೇ ಸಾಕ್ತವೆ. ಹುಳ ಹುಡುಕೋಕೆ ಟೈಮ್ ಬೇಕು, ಹುಳ ಅಡಗುತ್ತೆ, ಓಡುತ್ತೆ. ಹಣ್ಣು ಓಡಲ್ಲ, ಬಣ್ಣ ಬಳ್ಕೊಂಡು ಬಾ ತಿನ್ನು ಅನ್ನುತ್ತೆ, ಯಾಕಂದ್ರೆ ಬೀಜ ಸಾಗಿಸೋಕೆ ಗಿಡಕ್ಕೂ ಹಕ್ಕಿ ಬೇಕು. ಅಲ್ಲಿ ಕಾಡಿನ ಕೆಳಮಟ್ಟದಲ್ಲಿ ನಮ್ಮ ನೆಕ್ಕರಿಕೆ ಗಿಡದ ಜಾತಿಯವು, ಮೆಲಸ್ಟೋಮ್ ಅಂತಾರೆ, ಒಂದಲ್ಲ ಒಂದು ಹಣ್ಣು ಬಿಡ್ತಾನೇ ಇರ್ತವೆ. ಹಾಗಾಗಿ ತಾಯಿ ಒಬ್ಬಳೇ ಎರಡು ಮರಿ ಸಾಕಬಲ್ಲಳು, ನಡುನಡುವೆ ಹುಳಾನೂ ಕೊಡ್ತಾಳೆ, ಗಂಡಿಗೆ ದಿನದ ಹೊಟ್ಟೆಪಾಡು ಬೇಗ ಮುಗಿಯುತ್ತೆ. ಡೇವಿಡ್ ಸ್ನೋ ಅನ್ನೋರು ಟ್ರಿನಿಡಾಡ್‌ನಲ್ಲಿ ವೈಟ್ ಬಿಯರ್ಡೆಡ್ ಮನಕಿನ್ ಹಿಂದೆ ಬಿದ್ದು ಮುಂದಿಟ್ಟ ವಾದ ಇದು. ಆ ಹಕ್ಕಿದು ಇನ್ನೊಂದು ತಮಾಷೆ, ನೆಲದ ಮೇಲೆ ಬಿದ್ದ ಎಲೆ ಕಡ್ಡಿ ಎಲ್ಲ ಎತ್ತಿ ಹಾಕಿ ಅಂಗಳ ಗುಡಿಸಿದ ಹಾಗೆ ಮಾಡ್ಕೊಂಡು, ಸುತ್ತಲಿನ ಸಣ್ಣ ಸಣ್ಣ ಗಿಡಗಳ ನಡುವೆ ಚಟ್ ಚಟ್ ಅಂತ ರೆಕ್ಕೆ ಸಿಡಿಸ್ತಾ ನೆಗೆಯುತ್ತೆ.

ಈಗ ಹಾಲಕ್ಕಿಯವರ ಎರಡನೇ ಹಕ್ಕಿಗೆ ಬನ್ನಿ, ನಂಗೆ ಈ ಥ್ರೆಡ್‌ನಲ್ಲಿ ಅತಿ ಇಷ್ಟ ಆಗಿದ್ದು ಅದೇ. ಒಂದೊಂದೇ ರೆಕ್ಕೆ ಎತ್ತೋದು, ಗೋಪಿಚಂದನದ ಹೊಟ್ಟೆ, ಹಣ್ಣು ತಿನ್ನೋದು ಅಂದ್ರೆ ಅದು ಓಕರ್ ಬೆಲ್ಲೀಡ್ ಫ್ಲೈಕ್ಯಾಚರ್. ಟೈರಂಟ್ ಕುಟುಂಬದ ಹೆಚ್ಚಿನವು ಹುಳ ಹಿಡಿದು, ಗಂಡ ಹೆಂಡತಿ ಜೋಡಿಯಾಗಿ ಸಂಸಾರ ಮಾಡ್ತವೆ. ಈ ಹಕ್ಕಿ ಮುಖ್ಯವಾಗಿ ಹಣ್ಣಿಗೆ ತಿರುಗಿದೆ. ಸರಿ, ಸಂಸಾರ ಹೇಗೆ ನಡೆಸುತ್ತೆ ಹೇಳಿ? ಗಂಡು ಕೊಂಬೆ ಮೇಲೆ ಕೂತು ಕರೀತಾ ಇರೋದು, ಹೆಣ್ಣು ಒಬ್ಬಳೇ ಗೂಡು ಕಟ್ಟಿ ಮರಿ ಸಾಕೋದು. ಹೆಸರು ನೊಣಹಿಡುಕ, ಬಾಳುವೆ ಮನಕಿನ್‌ದು! ಊಟ ಬದಲಾದ್ರೆ ಮನೆ ರೀತಿ ಹೇಗೆ ಬದಲಾಗಬಹುದು ಅನ್ನೋದಕ್ಕೆ ನಾನಾಗಿದ್ರೆ ಕ್ಲಾಸಲ್ಲಿ ಕೆಂಪು ಟೋಪಿ ಬಿಟ್ಟು ಇದನ್ನೇ ತೋರಿಸ್ತೀನಿ.

ಸುಮ್ನೆ ಕೇಳ್ದೆ

ಹಂಗಾದ್ರೆ ಹಣ್ಣು ತಿನ್ನೋ ಎಲ್ಲಾ ಹಕ್ಕೀಲೂ ಅಪ್ಪ ಓಡಿಹೋಗ್ಬೇಕಲ್ಲ? ಅಲ್ಲಿನ ಟ್ಯಾನೇಜರ್‌ಗಳು ಹಣ್ಣು ಚೆನ್ನಾಗೇ ತಿಂತವೆ, ಜೋಡಿಯಾಗೇ ಓಡಾಡ್ತವೆ.

ಗುಮ್ಮ ಮಾಸ್ತರು

ಒಪ್ಪಿದೆ. ಹಣ್ಣು ಬಾಗಿಲು ತೆಗೆಯುತ್ತೆ, ಹೊರಗೆ ತಳ್ಳಲ್ಲ. ಅಲ್ಲಿನ ಇನ್ನೊಂದು ಹಣ್ಣು ತಿನ್ನೋ ಹಕ್ಕಿ, ಕಾಕ್ ಆಫ್ ದ ರಾಕ್, ಆ ಬಾಗಿಲಿಂದ ಹೊರಗೆ ಹೋಯ್ತು, ಟ್ಯಾನೇಜರ್ ಹೋಗ್ಲಿಲ್ಲ. ನೂರಕ್ಕೆ ನೂರು ಅಂತ ಬರೆದಿದ್ರೆ ನಂದೇ ತಪ್ಪು.

ಕಡಲಕಾಗೆ

ನಾನು ಮೂಡುಬಿದಿರೆಯವ, ಈಗ ಸಾವೊ ಪೌಲೊದಲ್ಲಿ ಇರುದು. ಇಲ್ಲಿಯ ಅಟ್ಲಾಂಟಿಕ್ ಕಾಡಿನಲ್ಲಿ ತಂಗರಾ ಅಂತ ಹೇಳುವ ನೀಲಿ ಮನಕಿನ್ ಉಂಟು ಮಾರಾಯ್ರೇ, ಅದು ನೋಡಿದ್ರೆ ನಿಮಗೆ ಯಕ್ಷಗಾನದ ಒಡ್ಡೋಲಗ ನೆನಪಾಗ್ತದೆ. ಮೈ ಆಕಾಶ ನೀಲಿ, ತಲೆ ಕೆಂಪು, ರೆಕ್ಕೆ ಕಪ್ಪು. ಎರಡು ಮೂರು ಗಂಡು ಒಂದೇ ಕೊಂಬೆಯಲ್ಲಿ ಸಾಲಾಗಿ ಕೂರ್ತವೆ, ಕೊನೆಯಲ್ಲಿ ಹಸಿರು ಬಣ್ಣದ ಹೆಣ್ಣು ಅಲುಗಾಡದೆ ಕೂತಿರ್ತದೆ. ಮುಂದಿನ ಗಂಡು ಅವಳ ಮುಖದ ಎದುರು ಗಾಳಿಯಲ್ಲಿ ನೆಗೆದು ಹಿಂದೆ ಹೋಗಿ ಸಾಲಿನ ತುದಿಗೆ ಇಳೀತದೆ, ಉಳಿದವು ಒಂದು ಹೆಜ್ಜೆ ಮುಂದೆ ಜರುಗ್ತವೆ, ಈಗ ಮುಂದೆ ಬಂದವನ ಸರದಿ, ಹೀಗೆ ಚಕ್ರ ತಿರುಗಿದ ಹಾಗೆ ವೇಗ ಹೆಚ್ಚುತ್ತಾ ಹೋಗ್ತದೆ, ಗರಗರ ಅಂತ ಕಪ್ಪೆಯ ಹಾಗೆ ಶಬ್ದ ಬೇರೆ. ಕೊನೆಗೆ ಯಜಮಾನ ಒಂದು ಚೂಪು ಕೂಗು ಹಾಕ್ತಾನೆ, ಎಲ್ಲ ಗಪ್‌ಚಿಪ್. ಹೆಣ್ಣು ಒಪ್ಪಿದ್ರೆ ಯಜಮಾನನಿಗೆ ಮಾತ್ರ. ಉಳಿದವರು ಬೆವರು ಸುರಿಸಿದ್ದು ಎಂತಕ್ಕೆ?

ಇದೇ ಪಂಗಡದ ಉದ್ದ ಬಾಲದ ಮನಕಿನ್ ಒಂದು ಕೋಸ್ಟರಿಕಾದಲ್ಲಿ ಉಂಟು, ಅಲ್ಲಿ ಅವರೇನು ಅಣ್ಣತಮ್ಮನಾ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ, ಅಲ್ಲವಂತೆ. ಯಜಮಾನ ಹೋದ ಮೇಲೆ ಆ ಜಾಗ ತನಗೆ ಬರ್ತದೆ ಅಂತ ವರ್ಷಗಟ್ಟಲೆ ಕಾಯುದು. ನಮ್ಮ ಕೆಲವು ಆಫೀಸಿನ ಹಾಗೆ.

ಇಲ್ಲಿಯ ಎಳೆ ಗಂಡುಗಳಿಗೆ ಮೊದಲು ತಲೆ ಮಾತ್ರ ಕೆಂಪಾಗುದು, ಮೈ ಇನ್ನೂ ಹೆಣ್ಣಿನ ಹಾಗೆ ಹಸಿರು. ಒಂದು ಸಲ ಅಂಥವು ಮೂರು ಸೇರಿ ಹೆಣ್ಣೇ ಇಲ್ಲದೆ ಅಭ್ಯಾಸ ಮಾಡುದನ್ನು ನೋಡಿದ್ದೆ, ಒಬ್ಬ ತಿರುಗುವ ದಿಕ್ಕು ತಪ್ಪಿ ಇನ್ನೊಬ್ಬನ ತಲೆ ಮೇಲೆ ಕೂತ. ಹಾಡಿಗೆ ಗುರು ಬೇಡ ಅಂತ ಪೇಢಾದವರು ಹೇಳಿದ್ರು, ಕುಣಿತಕ್ಕೆ ಬೇಕು ಕಾಣ್ತದೆ.

ಟೈರಂಟ್ ಅಂದ್ರೆ ನಮ್ಮ ಬಾಲ್ಕನಿ ಎದುರು ತಂತಿ ಮೇಲೆ ದಿನಾ ಒಂದು ಉಂಟು, ಬೆಂತೆವಿ ಅಂತ ಇಲ್ಲಿಯ ಹೆಸರು, 'ನಿನ್ನನ್ನು ಚೆನ್ನಾಗಿ ನೋಡಿದೆ' ಅಂತ ಕೂಗ್ತದಂತೆ ಪೋರ್ಚುಗೀಸಿನಲ್ಲಿ. ಹಳದಿ ಹೊಟ್ಟೆ, ಕಣ್ಣಿಗೆ ಕಪ್ಪು ಪಟ್ಟಿ. ಹುಳ, ಹಣ್ಣು, ಗೊದಮೊಟ್ಟೆ, ಸಣ್ಣ ಮೀನು, ಯಾವುದೂ ಬಿಡುದಿಲ್ಲ. ಅದರ ಜೊತೆಯ ಕಿಂಗ್‌ಬರ್ಡ್ ಗಿಡುಗನನ್ನು ಅಟ್ಟಿಕೊಂಡು ಹೋಗುದು ನೋಡಿದ್ರೆ ನಮ್ಮ ಕಾಜಾಣವೇ. ಟೈರಂಟ್ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಹಾಲಕ್ಕಿ77

ಅಬ್ಬಾ, ಒಂದು ಪ್ರಶ್ನೆಗೆ ಇಷ್ಟೊಂದು! ಎಲ್ರಿಗೂ ಥ್ಯಾಂಕ್ಸ್.

ಮಾಸ್ತರ್ರೇ, ಓಕರ್ ಬೆಲ್ಲೀಡ್ ಅಂದಿದ್ದು ಸರಿ ಇರ್ಬೇಕು, ಫೋಟೋ ಝೂಮ್ ಮಾಡಿ ನೋಡ್ದೆ, ಕೆಳಕೊಕ್ಕಿನ ಬುಡ ತಿಳಿ ಬಣ್ಣ, ಕೊಕ್ಕಲ್ಲಿ ಕಡುನೀಲಿ ಹಣ್ಣು ಕಚ್ಕೊಂಡಿದೆ. ಮನಕಿನ್‌ದು ನಲವತ್ತು ಫೋಟೋ ತೆಗೆದಿದ್ದೆ, ಇದರದ್ದು ಎರಡೇ ಎರಡು, ಅದ್ರಲ್ಲಿ ಒಂದು ಅಲ್ಲಾಡಿದೆ. ಡಿಲೀಟ್ ಮಾಡೋಕೆ ಹೊರಟಿದ್ದೆ ಅಂದ್ರೆ ನಂಬ್ತೀರಾ.

ಸಪಯೋವಾ ನೋಡ್ಲೇಬೇಕು ಈಗ. ಗೈಡ್‌ಗೆ ಮೆಸೇಜ್ ಹಾಕ್ದೆ, ಅದು ಇಲ್ಲಿಲ್ಲ, ಇನ್ನೂ ಕೆಳಗೆ ಚೋಕೊ ಕಾಡಿಗೆ ಇಳೀಬೇಕು, ಹಳ್ಳದ ಪಕ್ಕ ಗಂಟೆಗಟ್ಟಲೆ ಸುಮ್ನೆ ನಿಲ್ಲಬೇಕು, ಸಿಕ್ಕೇ ಸಿಗುತ್ತೆ ಅಂತ ಹೇಳಲ್ಲ ಅಂದ. ಮಳೆ ಬಗ್ಗೆ ಕೇಳ್ದೆ, ಉತ್ತರ ಬರೀ ನಗೋ ಎಮೋಜಿ. ಅಲ್ಲಿ ಓಡಾಡಿರೋರು ಯಾರಾದ್ರೂ ಇದೀರಾ, ಒಂದು ರೈನ್‌ಕೋಟ್ ಸಾಕಾ?

ಧಾರವಾಡ ಪೇಢಾ

ನಾ ಹೋಗಿಲ್ಲ. ಆದ್ರ ನವರಂಗದ ಬೀಗರ ಮನೀಗೆ ಹೊಂಟೀರಿ, ಎರಡು ಇಟಗೋರಿ.