ಸುಮಾ, ಪುಟ್ಟಿ ಲೆಕ್ಕದ ವಿಷಯ

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ಪುಟ್ಟಿ 4 ಮತ್ತು 9ರ ಗುಣೋತ್ತರ ಮಾಧ್ಯ ಆರೂವರೆ ಅಂತ ಬರೆದಳಂತೆ, ಮೇಡಂ ಸೊನ್ನೆ ಹಾಕಿದರಂತೆ. ನಾಡಿದ್ದು ಮತ್ತೆ ಟೆಸ್ಟ್, ಹಾಸನಕ್ಕೆ ಟ್ಯೂಷನ್‌ಗೆ ಕಳಿಸಲಾ ಅಂತ ಕೇಳಿದ್ದೀಯ. ಟ್ಯೂಷನ್ ಯಾಕೆ ಮಾರಾಯ್ತಿ! ಕೂಡಿಸಿ ಅರ್ಧ ಮಾಡಬೇಡ, ಗುಣಿಸಿ ವರ್ಗಮೂಲ ತೆಗಿ ಅಂತ ಹೇಳು, ಅಷ್ಟೇ.

ಯಾಕೆ ಅಂತ ಒಂದು ಕಥೆ ಹೇಳ್ತೀನಿ. ಹಿಂದೆ ಒಮ್ಮೆ ಸಕಲೇಶಪುರದ ಸಂತೆಗೆ ಅಪ್ಪಯ್ಯನ ಜೊತೆ ಕಾಳುಮೆಣಸು ತಗೊಂಡು ಹೋಗಿದ್ವಿ. ದೊಡ್ಡಣ್ಣ, ನಾನು, ಮೇಷ್ಟ್ರು ಚಿಕ್ಕಪ್ಪ. ವ್ಯಾಪಾರಿ ತೂಗಿ 8 ಕಿಲೋ 100 ಗ್ರಾಂ ಅಂದ. ಖಾಲಿ ತಕ್ಕಡಿ ಸಮವಾಗೇ ನಿಂತಿತ್ತು. ಆದರೆ ಚಿಕ್ಕಪ್ಪನ ಕಣ್ಣು ದಂಡದ ಮೇಲೆ. ಮೆಣಸಿನ ಕಡೆ ದಂಡ ಗಿಡ್ಡ, ಖಾಲಿ ಇದ್ದಾಗ ಸಮ ನಿಲ್ಲಲಿ ಅಂತ ಅದೇ ಕಡೆಯ ತಟ್ಟೆ ದಪ್ಪ. ಮೆಣಸು ಆ ತಟ್ಟೆಗೆ, ತೂಕದ ಬಟ್ಟು ಈ ತಟ್ಟೆಗೆ ಅದಲುಬದಲು ಮಾಡಿ ತೂಗಿಸಿದರು. ಈಗ ಸರಿಯಾಗಿ 10 ಕಿಲೋ!

ದೊಡ್ಡಣ್ಣ ಜಾಣನ ಹಾಗೆ, 'ಎರಡೂ ಕೂಡಿಸಿ ಅರ್ಧ ಮಾಡಿ, 9 ಕಿಲೋ 50 ಗ್ರಾಂ' ಅಂದ. ವ್ಯಾಪಾರಿ ಎಗರಿ ಬಿದ್ದ. ಚಿಕ್ಕಪ್ಪ, 'ಒಂದು ಕಡೆ ಎಷ್ಟು ಪಟ್ಟು ಕಮ್ಮಿಯೋ ಇನ್ನೊಂದು ಕಡೆ ಅಷ್ಟೇ ಪಟ್ಟು ಜಾಸ್ತಿ, ಗುಣಿಸಬೇಕು' ಅಂತ ಚೀಟಿ ಹಿಂದೆ ಬರೆದರು, 8.1 ಇಂಟು 10, 81. ವರ್ಗಮೂಲ 9. ಆಮೇಲೆ ಪಕ್ಕದ ಅಂಗಡಿಯಿಂದ ಬಟ್ಟು ತರಿಸಿ, ಮೆಣಸು ಇಳಿಸಿ ಅದೇ ತಟ್ಟೆಗೆ ಇಟ್ಟರು. 9 ಕಿಲೋಗೆ ದಂಡ ಸಮ ನಿಂತಿತು. 50 ಗ್ರಾಂ ನಮಗೇ ಜಾಸ್ತಿ ಬರ್ತಿತ್ತು, ನಿಜ. ಆದರೂ ತಪ್ಪು ತಪ್ಪೇ ಅಲ್ವಾ? ಮತ್ತೆ ಹೇಳ್ತೀನಿ, ಕೂಡಿಸಿ ಅರ್ಧ ಮಾಡಬೇಡಿ.

ದೊಡ್ಡಣ್ಣ ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ತೋಟ ಪಾಲಾದಾಗಲೂ ಅವನದ್ದು ಅದೇ ಲೆಕ್ಕ. ಎಕರೆ ಕೂಡಿಸಿ ಸಮ ಹಂಚಿದ. ಹಳ್ಳದ ಪಕ್ಕದ ಎಕರೆಯೂ ಒಂದೇ, ನನ್ನ ಪಾಲಿಗೆ ಬಂದ ಬಂಡೆಯ ಎಕರೆಯೂ ಒಂದೇ ಅಂತೆ! ಅಲ್ಲಿ ಕಾಫಿ ಗಿಡ ಇವತ್ತಿಗೂ ಮೊಳಕಾಲಿಗೆ ಬರುತ್ತೆ. ಒಂದು ದಿನವಾದರೂ ಬಂದು ನೋಡಿದ್ದಾನಾ? ಹಬ್ಬಕ್ಕೆ ಫೋನೂ ಇಲ್ಲ, ಗ್ರೂಪಲ್ಲಿ ಬರೀ ಹೆಬ್ಬೆಟ್ಟು ಒತ್ತೋದು.

ಹಾಂ, ಪುಟ್ಟಿದು. ಅವಳಿಗೆ ಅನುಪಾತ ಬರೆಯೋಕೆ ಹೇಳು ಸುಮಾ. 4ಕ್ಕೂ ಎಕ್ಸ್‌ಗೂ ಇರೋ ಅನುಪಾತವೇ ಎಕ್ಸ್‌ಗೂ 9ಕ್ಕೂ ಇರಬೇಕು, ಅದೇ ಸಮಾನುಪಾತ. ಅಡ್ಡಡ್ಡ ಗುಣಿಸಿದರೆ ಎಕ್ಸ್ ವರ್ಗ 36, ಎಕ್ಸ್ 6. ತಾಳೆ ನೋಡೋದು ಸುಲಭ. 4ರ ಒಂದೂವರೆ ಪಟ್ಟು 6, 6ರ ಒಂದೂವರೆ ಪಟ್ಟು 9. ಆರೂವರೆಯಲ್ಲಿ ಎರಡೂ ಕಡೆ ಎರಡೂವರೆ ಕೂಡುತ್ತೆ. ಅದು ಸಮಾಂತರ ಮಾಧ್ಯ, ಬೇರೆ ಲೆಕ್ಕ. ಎರಡು ಧನ ಸಂಖ್ಯೆ ಬೇರೆ ಬೇರೆ ಇದ್ದರೆ ಗುಣೋತ್ತರದ್ದು ಯಾವಾಗಲೂ ಅದಕ್ಕಿಂತ ಕಡಿಮೆಯೇ ಬರುತ್ತೆ. ಜಾಸ್ತಿ ಬಂದರೆ ಎಲ್ಲೋ ಎಡವಿದ್ದಾಳೆ ಅಂತ.

ಇವತ್ತು 2 ಮತ್ತು 18 ಕೊಟ್ಟು ಮಾಡಿಸು. 6 ಬರದಿದ್ದರೆ ಅವಳ ಕೈಲೇ ಫೋನ್ ಮಾಡಿಸು. ರಾತ್ರಿ ಒಂಬತ್ತು ಗಂಟೆಯೊಳಗೆ ಮಾಡಲಿ, ಆಮೇಲೆ ನಾನು ಮಲಗಿರ್ತೀನಿ.